ದೊಡ್ಡ ಮೇಫ್ಲೈ, ಚಿಕ್ಕ ಗಾಳ

ಮೇಫ್ಲೈ ಎನ್ನುವ ಈ ನೀರಹುಳದ ಮೈ 18 ಮಿಲಿಮೀಟರ್ ಉದ್ದ. ಅದನ್ನು ತಿನ್ನುವ ಮೀನಿನ ಬಾಯಿ ಪುಟ್ಟದು. ಈ ಸಲ ಕಟ್ಟಿದ ಫ್ಲೈನ ಕಷ್ಟವೆಲ್ಲ ಇಷ್ಟೇ. ನನಗೆ ಅದರಲ್ಲಿ ಅಷ್ಟು ಆಸೆ ಹುಟ್ಟಿದ್ದೂ ಇದಕ್ಕೇ.

ಫ್ಲೈ ಫಿಶಿಂಗಿನಲ್ಲಿ ಎರೆಹುಳ, ಹಿಟ್ಟಿನುಂಡೆ ಯಾವುದೂ ಇಲ್ಲ. ಗಾಳದ ಮೇಲೆ ದಾರ, ಗರಿ ಸುತ್ತಿ ಹುಳದಂತೆ ಕಾಣುವುದನ್ನು ಕಟ್ಟುತ್ತೇವೆ, ಅದೇ ಫ್ಲೈ. ಅದಕ್ಕೆ ತೂಕವೇ ಇರುವುದಿಲ್ಲ. ದಪ್ಪ ಲೈನಿನ ಭಾರವೇ ಅದನ್ನು ಒಯ್ದು ನೀರಿನ ಮೇಲೆ ಇಳಿಸುತ್ತದೆ. ದೊಡ್ಡ ಮೇಫ್ಲೈಗೆ ಇಂಗ್ಲೆಂಡಿನಲ್ಲಿ 10ನೇ ನಂಬರಿನ ಉದ್ದ ಕಾಂಡದ ಗಾಳ ಬಳಸುತ್ತಾರೆ. ಕಾಂಡ ಅಂದರೆ ಗಾಳದ ನೇರ ಭಾಗ. ನಂಬರು ಹೆಚ್ಚಿದಷ್ಟೂ ಗಾಳ ಚಿಕ್ಕದು. ಅಲ್ಲಿ ತಿನ್ನುವುದು ಟ್ರೌಟ್, ಅದರ ಬಾಯಿ ದೊಡ್ಡದು, ಹಾಗಾಗಿ ಸರಿಹೋಗುತ್ತದೆ. ಸಕಲೇಶಪುರದ ಕಡೆ ನಮ್ಮ ಮಾವನ ಕಾಫಿ ತೋಟದ ಪಕ್ಕದ ಹಳ್ಳದಲ್ಲಿ ನೀರಿನ ಮೇಲಿನ ಹುಳಕ್ಕೆ ಏಳುವುದು ಬರಿಲಿಯಸ್ ಎನ್ನುವ ಮೀನು. ಬೆಳ್ಳಿ ಮೈ, ಪಕ್ಕದಲ್ಲಿ ನೀಲಿ ಪಟ್ಟೆ. ಗೇಣುದ್ದ ಸಿಕ್ಕರೆ ಅದೇ ದೊಡ್ಡದು. ಅದರ ಬಾಯಿಗೆ 10ನೇ ನಂಬರಿನ ಗಾಳ ಜಾಸ್ತಿಯಾಯಿತು. 14 ಆದರೆ ಆಗುತ್ತದೆ. ಆದರೆ 14ರ ಕಾಂಡ ಹುಳದ ಅರ್ಧದಷ್ಟೂ ಇಲ್ಲ. ಅಂದರೆ ಹುಳದ ಉದ್ದ ಬೇರೆ, ಗಾಳದ ಉದ್ದ ಬೇರೆ ಎಂದು ಬಿಡಿಸಿಯೇ ಕಟ್ಟಬೇಕು.

ಮೊದಲು ಹುಳ ಯಾವುದು ಎಂದು ಗೊತ್ತಾಗಬೇಕಲ್ವಾ?

ಮಳೆ ನಿಂತ ಸಂಜೆ ಜಗಲಿಯ ಬಲ್ಬಿಗೆ ಮುತ್ತುವುದೆಲ್ಲ ಮೇಫ್ಲೈ ಅಲ್ಲ. ಹೆಚ್ಚಿನವು ರೆಕ್ಕೆ ಬಂದ ಗೆದ್ದಲು. ಗೆದ್ದಲಿಗೆ ನಾಲ್ಕು ರೆಕ್ಕೆಗಳೂ ಒಂದೇ ಅಳತೆ. ಅವನ್ನು ಬೆನ್ನ ಮೇಲೆ ಚಪ್ಪಟೆಯಾಗಿ ಮಡಚುತ್ತದೆ, ಆಮೇಲೆ ಉದುರಿಸಿಬಿಡುತ್ತದೆ. ಬಾಲದ ಎಳೆ ಇಲ್ಲ. ಕ್ಯಾಡಿಸ್ ಅನ್ನುವ ಇನ್ನೊಂದು ನೀರಹುಳ ಬರುತ್ತದೆ. ಅದರ ರೆಕ್ಕೆ ಎರಡೂ ಕಡೆ ಇಳಿಜಾರಾಗಿ ಕೂರುತ್ತದೆ, ಮೇಲೆ ಸಣ್ಣ ರೋಮ, ಮುಂದೆ ಉದ್ದ ಮೀಸೆ. ಮೇಫ್ಲೈನ ಮೀಸೆ ಇದ್ದೂ ಇಲ್ಲದಷ್ಟು ಗಿಡ್ಡ. ಅದು ರೆಕ್ಕೆಯನ್ನು ಹಾಯಿ ಎತ್ತಿದ ದೋಣಿಯಂತೆ ನೆಟ್ಟಗೆ ನಿಲ್ಲಿಸಿ ಕೂರುತ್ತದೆ. ಮುಂದಿನ ರೆಕ್ಕೆ ದೊಡ್ಡದು, ಹಿಂದಿನದು ಚಿಕ್ಕದು. ಹಿಂದೆ ಉದ್ದನೆಯ ಎರಡೋ ಮೂರೋ ಎಳೆ. ಗೋಡೆಯ ಮೇಲೆ ಕೂತಾಗ ದೂರದಿಂದಲೇ ಗುರುತು ಸಿಗುತ್ತದೆ.

ನಮ್ಮ ಜಗಲಿಯ ಹುಳಕ್ಕೆ ಮೂರು ಎಳೆ ಇತ್ತು, ಮೂರೂ ಹೆಚ್ಚುಕಡಿಮೆ ಒಂದೇ ಉದ್ದ. ರೆಕ್ಕೆಯ ನಡುವೆ ಕಂದು ಮಚ್ಚೆ. ಕೆನೆ ಬಣ್ಣದ ಹೊಟ್ಟೆ, ಅದರ ಮೇಲೆ ಗಾಢ ಕಂದು ಗೆರೆ. ಮಚ್ಚೆಯ ರೆಕ್ಕೆ, ಮೂರು ಎಳೆ, ಇಷ್ಟು ದೊಡ್ಡ ಮೈ ಮೂರೂ ಒಟ್ಟಿಗೆ ಕಂಡರೆ ಎಫೆಮೆರಾ ಕುಲದತ್ತ ಕಣ್ಣು ಹೋಗಬೇಕು. ಖಾತ್ರಿ ಮಾಡಿಕೊಳ್ಳಲು ಲೆನ್ಸ್ ಹಿಡಿದು ಮುಂದಿನ ರೆಕ್ಕೆಯ ಬುಡ ನೋಡಿದೆ. ಈ ಗುಂಪಿನಲ್ಲಿ ನಡುವಿನ ಎರಡು ನರಗಳು ಬುಡದಲ್ಲೇ ಜೋರಾಗಿ ಹಿಂದಕ್ಕೆ ಬಾಗಿರುತ್ತವೆ. ಬಾಗಿದ್ದವು. ಕಲ್ಲಿಗೆ ಅಂಟಿಕೊಂಡು ಬೆಳೆಯುವ ಹೆಪ್ಟಜೆನಿಡೆ ಮನೆತನದವಕ್ಕೆ ಎರಡೇ ಎಳೆ, ಹಾಗಾಗಿ ಅವು ಅಲ್ಲ. ಬೀಟಿಡೆ ಇದರ ಮುಂದೆ ತೀರಾ ಸಣ್ಣವು. ಎಫೆರಾನ್ ಅನ್ನುವುದಕ್ಕೆ ಬೆಳ್ಳಗಿನ ರೆಕ್ಕೆ, ನಡುವಿನ ಮತ್ತು ಹಿಂದಿನ ಕಾಲು ನಿಲ್ಲಲಾರದಷ್ಟು ಸೋತಿರುತ್ತವೆ. ನಮ್ಮದು ಗೋಡೆಯನ್ನು ಆರೂ ಕಾಲಿನಲ್ಲಿ ಹಿಡಿದು ಕೂತಿತ್ತು. ಕುಲದವರೆಗೆ ಬಂದೆ, ಅಲ್ಲಿಗೆ ನಿಲ್ಲಿಸಿದೆ. ಜಾತಿ ಹೇಳಲು ಗಂಡಿನ ಹಿಂಭಾಗದ ಅಂಗ ನೋಡಬೇಕು, ಫ್ಲೈ ಕಟ್ಟಲು ಅದು ಬೇಕಿಲ್ಲ.

ಫ್ಲೈ ಕಟ್ಟುವವನಿಗೆ ಜಾತಿಗಿಂತ ಮುಖ್ಯ, ಹುಳ ಯಾವ ಹಂತದಲ್ಲಿದೆ ಎನ್ನುವುದು. ರೆಕ್ಕೆ ಬಂದ ಮೇಲೂ ಇನ್ನೊಮ್ಮೆ ಪೊರೆ ಕಳಚುವ ಕೀಟ ಮೇಫ್ಲೈ ಒಂದೇ. ನೀರಿನಿಂದ ಎದ್ದ ಮೊದಲ ರೂಪಕ್ಕೆ ಡನ್ ಎನ್ನುತ್ತಾರೆ. ಅದರ ರೆಕ್ಕೆ ಮಬ್ಬು, ಅಂಚಿನಲ್ಲಿ ಸಣ್ಣ ರೋಮದ ಸಾಲು. ಪೊರೆ ಕಳಚಿದ ಮೇಲೆ ಅದು ಸ್ಪಿನ್ನರ್. ರೆಕ್ಕೆ ಗಾಜಿನಷ್ಟು ತಿಳಿ, ಬಾಲದ ಎಳೆ ಇನ್ನೂ ಉದ್ದ, ಗಂಡಾದರೆ ಮುಂಗಾಲೂ ಉದ್ದ, ಕಣ್ಣೂ ದೊಡ್ಡದು. ಎರಡಕ್ಕೂ ತಿನ್ನುವ ಬಾಯಿಯೇ ಇಲ್ಲ. ಕೂಡಿ, ಮೊಟ್ಟೆಯಿಟ್ಟು, ರೆಕ್ಕೆ ಚಾಚಿ ನೀರಿನ ಮೇಲೆ ಬೀಳುತ್ತವೆ. ಡನ್ ನೀರಿನ ಮೇಲೆ ನಿಂತಿರುತ್ತದೆ, ಸ್ಪಿನ್ನರ್ ನೀರಿಗೆ ಅಂಟಿಕೊಂಡಿರುತ್ತದೆ. ಒಂದೇ ಫ್ಲೈ ಎರಡಕ್ಕೂ ಆಗುವುದಿಲ್ಲ.

ಗ್ರಾಫ್ ಹಾಳೆಯ ಮೇಲಿಟ್ಟು ಅಳೆದೆ. ಮೈ ಅಳೆಯುವಾಗ ಬಾಲ ಸೇರಿಸಬಾರದು. ಮೇಲಿಂದ ಒಂದು, ಪಕ್ಕದಿಂದ ಒಂದು, ಹೊಟ್ಟೆ ಕಾಣುವಂತೆ ಒಂದು ಫೋಟೊ ತೆಗೆದೆ. ಹೊಟ್ಟೆಯ ಫೋಟೊ ಮರೆಯಬೇಡಿ, ಮೀನು ನೋಡುವುದು ಅದನ್ನೇ. ಆಮೇಲೆ ಎರಡೇ ಎರಡನ್ನು ಸ್ಪಿರಿಟ್ಟಿನ ಶೀಶೆಗೆ ಹಾಕಿದೆ. ಸ್ಪಿರಿಟ್ಟಿನಲ್ಲಿ ಆಕಾರ ಉಳಿಯುತ್ತದೆ, ಬಣ್ಣ ಹೋಗುತ್ತದೆ. ಹಾಗಾಗಿ ಫೋಟೊ ಮೊದಲು, ಅದೂ ಹಗಲ ಬೆಳಕಿನಲ್ಲಿ.

ಬೆಳಿಗ್ಗೆ ಹಿಟ್ಟಿನ ಜರಡಿ ತೆಗೆದುಕೊಂಡು ಹಳ್ಳದ ಅಂಚಿನ ಮರಳು ತೊಳೆದೆ. "ಏನಯ್ಯ, ಚಿನ್ನ ಸಿಗುತ್ತಾ?" ಅಂದರು ಮಾವ. ಸಿಕ್ಕಿದ್ದು ಇದರ ಮರಿ. ತಲೆಯ ಮುಂದೆ ಮಣ್ಣು ತೋಡುವ ಎರಡು ಕೋರೆ, ಬೆನ್ನ ಮೇಲೆ ಎರಡು ಸಾಲು ಪುಕ್ಕದಂಥ ಕಿವಿರು. ಆ ಕಿವಿರು ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ಬಿಲದೊಳಕ್ಕೆ ನೀರು ಎಳೆದುಕೊಳ್ಳುವುದು ಆ ಅಲೆಯಿಂದಲೇ. ಬಿಳಿ ಪಿಂಗಾಣಿ ತಟ್ಟೆಯಲ್ಲಿಟ್ಟು ಮಾವನಿಗೂ ತೋರಿಸಿ, ವಾಪಸ್ ಬಿಟ್ಟೆ.

ಬೆಂಗಳೂರಿನ ಕೆರೆ ಬಿಟ್ಟು ಅಷ್ಟು ದೂರ ಯಾಕೆ ಹೋಗಬೇಕು ಎಂದು ಗೆಳೆಯರು ಕೇಳುತ್ತಾರೆ. ಈ ಮರಿಗಳು ತಳದ ಮಣ್ಣಿನೊಳಗೆ ಉಸಿರಾಡುವವು. ಕೊಳಚೆ ಸೇರುವ ಕೆರೆಯ ತಳದಲ್ಲಿ ಆಮ್ಲಜನಕ ಉಳಿಯುವುದಿಲ್ಲ. ಅಮೆರಿಕ-ಕೆನಡಾ ಗಡಿಯ ಈರೀ ಸರೋವರದ ಪಶ್ಚಿಮ ಭಾಗದಲ್ಲಿ 1953ರಲ್ಲಿ ತಳದ ಆಮ್ಲಜನಕ ಕುಸಿದು ಅಲ್ಲಿನ ದೊಡ್ಡ ಮೇಫ್ಲೈ ಹೆಕ್ಸಜೀನಿಯಾ ಹೆಚ್ಚುಕಡಿಮೆ ಮಾಯವಾಯಿತು. ನೀರು ಸುಧಾರಿಸಿದ ಮೇಲೆ, 1990ರ ದಶಕದಲ್ಲಿ ತಿರುಗಿ ಬಂತು. ಈಗ ಅಲ್ಲಿ ಹುಳಗಳು ಏಳುವ ರಾತ್ರಿ ಹವಾಮಾನದ ರೇಡಾರಿನಲ್ಲೂ ಕಾಣುತ್ತವೆ. ಬೆಳ್ಳಂದೂರಿನ ನೊರೆ ನೋಡುವಾಗೆಲ್ಲ ನನಗೆ ಈ ಈರೀ ಕತೆ ನೆನಪಾಗುತ್ತದೆ. ನಾಲ್ಕು ದಶಕ ಆದರೂ ತಿರುಗಿ ಬಂತಲ್ಲ ಎಂದು ಆಸೆಯಾಗುತ್ತದೆ.

ಇನ್ನು ಸಾಮಾನು. ಫ್ಲೈ ಕಟ್ಟುವಾಗ ಗಾಳ ಕಚ್ಚಿ ಹಿಡಿಯುವ ವೈಸ್ ಹೊರದೇಶದಿಂದ ತರಿಸಿದರೆ ದುಬಾರಿ. ನಾನು ಬಳಸುವುದು ಆರ್ಟರಿ ಫೋರ್ಸೆಪ್ಸ್, ಅಂದರೆ ಡಾಕ್ಟರರು ಬಳಸುವ ಲಾಕ್ ಇರುವ ಇಕ್ಕಳ. ವಿಕ್ಟೋರಿಯಾ ಆಸ್ಪತ್ರೆಯ ಸುತ್ತಮುತ್ತಲಿನ ಸರ್ಜಿಕಲ್ ಅಂಗಡಿಗಳಲ್ಲಿ ಸಿಗುತ್ತದೆ. ಹಲ್ಲು ನಯವಾಗಿರುವ, ತುದಿ ಸಣ್ಣಗಿರುವ, ಲಾಕ್ ಬಿಗಿಯಾಗಿರುವುದನ್ನು ಆರಿಸಿ. ಗಾಳದ ಬಾಗನ್ನು ಅದರಲ್ಲಿ ಕಚ್ಚಿಸಿ, ಫೋರ್ಸೆಪ್ಸ್ ಹಿಡಿಯನ್ನು ಮೇಜಿನ ವೈಸಿಗೆ ಓರೆಯಾಗಿ ಸಿಕ್ಕಿಸಿದರೆ ಆಯಿತು. ಸಣ್ಣ ಚೂಪು ಕತ್ತರಿಯನ್ನೂ ಅದೇ ಅಂಗಡಿಯಲ್ಲಿ ತಗೊಳ್ಳಿ. ಅದನ್ನು ಕಾಗದಕ್ಕೆ ಮುಟ್ಟಿಸಬೇಡಿ.

ದಾರ ಹಿಡಿಯುವ ಬಾಬಿನ್ ನಾನೇ ಮಾಡಿದ್ದು. ಹಳೆ ಸೈಕಲ್ ಕಡ್ಡಿ ಬಗ್ಗಿಸಿ ಎರಡು ತೋಳು, ನಡುವೆ ಖಾಲಿ ಪೆನ್ನಿನ ಲೋಹದ ರೀಫಿಲ್ ಕೊಳವೆ. ಕೊಳವೆಯನ್ನು ಸ್ಪಿರಿಟ್ಟಿನಲ್ಲಿ ತೊಳೆದು, ಎರಡೂ ಬಾಯಿಯನ್ನು ಸಣ್ಣ ಮರಳುಕಾಗದದಿಂದ ಚೆನ್ನಾಗಿ ಉಜ್ಜಬೇಕು. ಅಂಚು ಒರಟಾಗಿದ್ದರೆ ದಾರ ಮತ್ತೆ ಮತ್ತೆ ತುಂಡಾಗುತ್ತದೆ. ದಾರಕ್ಕೆ ಚಿಕ್ಕಪೇಟೆಗೆ ಹೋದೆ. ದಾರದ ದಪ್ಪಕ್ಕೆ ಡೀನಿಯರ್ ಲೆಕ್ಕ. ಟೈಲರ್ ದಾರ 200 ಡೀನಿಯರಿಗಿಂತ ದಪ್ಪ, 14ನೇ ನಂಬರಿನ ಗಾಳಕ್ಕೆ ಗಂಟುಗಂಟಾಗುತ್ತದೆ. ಬೇಕಿರುವುದು 70ರ ಆಸುಪಾಸು. ಕಂಪ್ಯೂಟರ್ ಎಂಬ್ರಾಯ್ಡರಿ ಮಷಿನ್ನಿಗೆ ಕೆಳಗಿನಿಂದ ಹಾಕುವ ತೆಳು ದಾರ ಕೇಳಿ. ಪಾಲಿಯೆಸ್ಟರೇ ಇರಲಿ. ಹೊಳೆಯುವ ವಿಸ್ಕೋಸ್ ದಾರ ನೋಡಲು ಚೆಂದ, ಆದರೆ ಒದ್ದೆಯಾದರೆ ಅದರ ಬಲ ಇಳಿದುಬಿಡುತ್ತದೆ.

ಗರಿ ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನಿಂದ. ಬ್ರಾಯ್ಲರ್ ಗರಿ ಮುಟ್ಟಬೇಡಿ. ಅದು ಬಲಿಯುವ ಮೊದಲೇ ಕೋಳಿ ಕತ್ತರಿಗೆ ಹೋಗಿರುತ್ತದೆ, ಗರಿ ಮೆತ್ತಗೆ, ನೀರು ಹೀರುತ್ತದೆ. ವಯಸ್ಸಾದ ನಾಟಿ ಹುಂಜದ ಕುತ್ತಿಗೆ ಗರಿ ಬೇಕು. "ಅಣ್ಣ, ಕುತ್ತಿಗೆ ಚರ್ಮ ಗರಿ ಸಮೇತ ಬಿಡಿಸಿ ಕೊಡ್ತೀರಾ?" ಎಂದು ಕೇಳಿದರೆ, "ಗರಿ ತಗೊಂಡು ಏನ್ ಮಾಡ್ತೀರಾ ಸಾರ್?" ಅನ್ನುತ್ತಾರೆ. ಫೋನಿನಲ್ಲಿ ಒಂದು ಫ್ಲೈ ತೋರಿಸಿದೆ. ಮುಂದಿನ ಸಲ ಹೋಗುವಷ್ಟರಲ್ಲಿ ಒಳ್ಳೆ ಕಂದು ಹುಂಜದ್ದು ಎತ್ತಿಟ್ಟಿದ್ದರು. ಮನೆಗೆ ತಂದು ಬಿಸಿ ಸೋಪುನೀರಿನಲ್ಲಿ ತೊಳೆದು, ಚರ್ಮದ ಕಡೆಗೆ ಉಪ್ಪು ಪಟಿಕ ಹಚ್ಚಿ, ನೆರಳಿನಲ್ಲಿ ಒಣಗಿಸಿದೆ. ಆಮೇಲೆ ಗಾಳಿಯಾಡದ ಚೀಲದಲ್ಲಿ ಕೆಲವು ದಿನ ಫ್ರೀಜರಿನಲ್ಲಿ. ಇಲ್ಲದಿದ್ದರೆ ಹೇನು, ಹುಳ ಉಳಿದ ಗರಿಗಳಿಗೂ ಹತ್ತುತ್ತವೆ.

ಕಾಡುಕೋಳಿಯ ಕುತ್ತಿಗೆ ಗರಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಮೇಣದ ಚುಕ್ಕೆ ಇಟ್ಟಂತಿರುವ ಆ ಗರಿ ನಮ್ಮ ದಕ್ಷಿಣದ ಕಾಡುಗಳಿಂದ ಒಂದು ಕಾಲಕ್ಕೆ ರಾಶಿ ರಾಶಿಯಾಗಿ ಹಡಗು ಹತ್ತಿ ಹೋಯಿತು, ಇಂಗ್ಲೆಂಡಿನ ಸಾಲ್ಮನ್ ಫ್ಲೈಗಳಿಗೆ. ಈಗ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಅದಕ್ಕಿದೆ. ಯಾರಾದರೂ ತಂದುಕೊಡುತ್ತೇನೆ ಎಂದರೂ ಬೇಡ ಅನ್ನಿ. ನಾಟಿ ಹುಂಜದ ಗರಿಯಲ್ಲಿ ಆಗದ ಕೆಲಸ ಇಲ್ಲಿ ಯಾವುದೂ ಇಲ್ಲ.

ಉಳಿದದ್ದು ಮನೆಯಲ್ಲೇ ಇತ್ತು. ಹೊಸ ಫೋನು, ಪಿಂಗಾಣಿ ಪಾತ್ರೆ ಸುತ್ತಿಕೊಂಡು ಬರುವ ಬಿಳಿ ತೆಳು ಫೋಮ್. ನೈಲಾನ್ ಪೇಂಟ್ ಬ್ರಶ್ಶಿನ ಕೂದಲು ಬಾಲಕ್ಕೆ. ಮ್ಯಾಕ್ರಮೆಗೆ ಬಳಸುವ ಪಾಲಿಪ್ರೊಪಿಲೀನ್ ದಾರ ಬಿಚ್ಚಿದರೆ ರೆಕ್ಕೆಗೆ ಎಳೆ. ಪಾಲಿಪ್ರೊಪಿಲೀನ್ ನೀರಿಗಿಂತ ಹಗುರ, ತೇಲುತ್ತದೆ. ನೈಲಾನ್ ಮುಳುಗುತ್ತದೆ, ಹಾಗಾಗಿ ಅದನ್ನು ಬಾಲದ ಮೂರು ಎಳೆಗಷ್ಟೇ ಬಳಸಿದೆ. ಎದೆಗೆ ನಮ್ಮ ನಾಯಿಯ ಒಳತುಪ್ಪಳ.

ಕಟ್ಟುವ ಕೆಲಸ ಗಾಳದ ಮೇಲಲ್ಲ, ಸೂಜಿಯ ಮೇಲೆ ಶುರು. ಗಾಳದಾಚೆಗೆ ಚಾಚುವ ಮೈಯನ್ನು ಬೇರೆಯಾಗಿ ಮಾಡಿ ಆಮೇಲೆ ಜೋಡಿಸಬೇಕು. ಫೋರ್ಸೆಪ್ಸಿನಲ್ಲಿ ತೆಳು ಸೂಜಿ ಕಚ್ಚಿಸಿ, ಅದಕ್ಕೆ ಸ್ವಲ್ಪ ಮೇಣ ಸವರಿದೆ. ತುದಿಯ ಹತ್ತಿರ ನಾಲ್ಕು ಸುತ್ತು ದಾರ, ಅದರ ಮೇಲೆ ಬ್ರಶ್ಶಿನ ಮೂರು ಕೂದಲು. ನಡುವಿನದು ನೇರ, ಪಕ್ಕದವೆರಡು ಅಗಲ. ಅಗಲವಾಗಿ ನಿಲ್ಲಿಸಲು ಕೂದಲುಗಳ ನಡುವೆ ದಾರವನ್ನು ಒಮ್ಮೊಮ್ಮೆ ಹಾಯಿಸಿ ಹಿಂದಕ್ಕೆ ಎಳೆಯಬೇಕು. 1 ಮಿಲಿಮೀಟರ್ ದಪ್ಪದ ಫೋಮಿನಿಂದ 2 ಮಿಲಿಮೀಟರ್ ಅಗಲದ ಪಟ್ಟಿ ಕತ್ತರಿಸಿ, ಅದರ ನಡುಮಧ್ಯಕ್ಕೆ ಸೂಜಿ ಚುಚ್ಚಿ ಬಾಲದ ಬುಡದವರೆಗೆ ತಳ್ಳಿದೆ. ಪಟ್ಟಿಯ ಒಂದು ತುದಿ ಮೇಲೆ, ಒಂದು ಕೆಳಗೆ ಮಡಚಿ ಎರಡು ಸುತ್ತು. ಅಲ್ಲಿಗೆ ಒಂದು ಖಂಡ. ಪಟ್ಟಿಗಳನ್ನು ಮತ್ತೆ ಬಿಡಿಸಿ, ದಾರವನ್ನು ಸೂಜಿಯ ಮೇಲೆಯೇ ಒಂದೂವರೆ ಮಿಲಿಮೀಟರ್ ಮುಂದಕ್ಕೆ ಒಯ್ದು, ಮತ್ತೆ ಮಡಚಿ ಎರಡು ಸುತ್ತು. ದಾರ ಎರಡು ಪದರದ ನಡುವೆ ಅಡಗುವುದರಿಂದ ಹೊರಗೆ ಕಾಣುವುದು ಖಂಡದ ಗೆರೆ ಮಾತ್ರ. ಕೈ ಹಗುರ ಇರಬೇಕು. ಈ ಫೋಮ್ ಬೇಗ ಹರಿಯುತ್ತದೆ. ದಾರವನ್ನು ಹುರಿ ಬಿಚ್ಚುವ ಕಡೆಗೆ ತಿರುಗಿಸಿ ಚಪ್ಪಟೆ ಮಾಡಿಕೊಂಡರೆ ಕತ್ತರಿಸುವುದಿಲ್ಲ. 12 ಮಿಲಿಮೀಟರ್ ಆದ ಮೇಲೆ ಗಂಟು ಹಾಕಿ, ಸೂಜಿಯಿಂದ ಮೆಲ್ಲಗೆ ಜಾರಿಸಿ ತೆಗೆದು, ಬಾಲದ ಬುಡಕ್ಕೆ ಒಂದು ತೊಟ್ಟು ಸೂಪರ್ ಗ್ಲೂ.

ಬಣ್ಣಕ್ಕೆ ಮಾರ್ಕರ್. ಹೊಟ್ಟೆ ಕಡೆ ಕೆನೆ ಬಣ್ಣಕ್ಕೆ ತುಸು ಹಳದಿ, ಬೆನ್ನಿಗೆ ಕಂದು, ಕೊನೆಯ ಖಂಡಗಳಲ್ಲಿ ಎರಡು ಗಾಢ ಗೆರೆ. ಹಗಲಿನಲ್ಲಿ ತೆಗೆದ ಹೊಟ್ಟೆ ಫೋಟೊ ಪಕ್ಕದಲ್ಲಿಟ್ಟುಕೊಂಡೇ ಹಚ್ಚಿದೆ.

ಈಗ 14ನೇ ನಂಬರಿನ ಗಾಳ. ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿದೆ, ಬಿಡುವ ಮೀನಿಗೆ ಗಾಯ ಕಡಿಮೆ. ದಾರದ ತಳ ಸುತ್ತಿ, ಲೈನು ಕಟ್ಟುವ ಗಾಳದ ಕಣ್ಣಿನಿಂದ ಸ್ವಲ್ಪ ಹಿಂದೆ ಪಾಲಿ ಎಳೆಗಳನ್ನು ನೆಟ್ಟಗೆ ಕಟ್ಟಿ ರೆಕ್ಕೆ ಮಾಡಿದೆ. ಅದರ ಹಿಂದೆ ಫೋಮ್ ಮೈ. ಎದೆಗೆ ತುಪ್ಪಳ. ಗರಿ ಆರಿಸುವಾಗ ಒಂದು ಲೆಕ್ಕವಿದೆ: ಗರಿಯ ಎಳೆ ಗಾಳದ ಬಾಯಿಯ, ಅಂದರೆ ಮೊನೆಗೂ ಕಾಂಡಕ್ಕೂ ನಡುವಿನ ಅಂತರದ, ಒಂದೂವರೆ ಪಟ್ಟು ಇರಬೇಕು. ಇಲ್ಲಿ ಅದು ನಡೆಯುವುದಿಲ್ಲ. ಗಾಳ ಚಿಕ್ಕದು, ಹುಳ ದೊಡ್ಡದು. ಹುಳದ ಕಾಲನ್ನೇ ಅಳೆದು ಅಷ್ಟೇ ಉದ್ದದ ಎಳೆಯ ಗರಿ ಹುಡುಕಿದೆ, ಗಾಳದ ಬಾಯಿಯ ಎರಡು ಪಟ್ಟಿನ ಹತ್ತಿರ ಬಂತು. ಗರಿಯನ್ನು ರೆಕ್ಕೆಯ ಬುಡಕ್ಕೆ ಅಡ್ಡಡ್ಡ ನಾಲ್ಕು ಸುತ್ತು, ಪ್ರತಿ ಸುತ್ತೂ ಹಿಂದಿನದಕ್ಕಿಂತ ಕೆಳಗೆ. ಪ್ಯಾರಾಶೂಟ್ ಎನ್ನುವ ಕಟ್ಟು ಇದೇ. ಕಣ್ಣಿನ ಹಿಂದೆ ಗಂಟು ಬಿಗಿದು, ಉಗುರುಬಣ್ಣದ ಒಂದು ಲೇಪ.

ರೆಕ್ಕೆಯನ್ನು ಹುಳದ ರೆಕ್ಕೆಗಿಂತ ಸ್ವಲ್ಪ ಗಿಡ್ಡ ಕತ್ತರಿಸಿ, ಮೇಲಕ್ಕೆ ಹೋದಂತೆ ತೆಳುವಾಗಿಸಿದೆ. ದಪ್ಪ ರೆಕ್ಕೆ ಇದ್ದರೆ ಬೀಸುವಾಗ ಫ್ಲೈ ಗಿರಗಿರ ತಿರುಗಿ ಮುಂದಿನ ಸಣ್ಣ ಲೈನು ಹುರಿಗೊಳ್ಳುತ್ತದೆ. ಗಾಳದಾಚೆಗೆ ಮೈ ಇರುವ ಫ್ಲೈಗಳಲ್ಲಿ ಈ ಕಾಟ ಇನ್ನೂ ಜಾಸ್ತಿ.

ಈ ಇಡೀ ಕೆಲಸದಲ್ಲಿ ನನಗೆ ಹೆಚ್ಚು ಕಲಿಸಿದ್ದು ಮನೆಯ ಹಳೆ ಅಕ್ವೇರಿಯಂ. ನೀರಿನೊಳಗಿಂದ ಮೇಲೆ ನೋಡುವ ಮೀನಿಗೆ ಆಕಾಶ ಕಾಣುವುದು ತಲೆಯ ಮೇಲಿನ ಒಂದು ವೃತ್ತದಲ್ಲಿ ಮಾತ್ರ. ಲಂಬಕ್ಕೆ 48.6 ಡಿಗ್ರಿಗಿಂತ ಓರೆಯಾದ ನೋಟಕ್ಕೆ ನೀರಿನ ಮೈ ಕನ್ನಡಿಯಾಗಿಬಿಡುತ್ತದೆ. 30 ಸೆಂಟಿಮೀಟರ್ ಆಳದಲ್ಲಿರುವ ಮೀನಿಗೆ ಆ ವೃತ್ತ ಸುಮಾರು 68 ಸೆಂಟಿಮೀಟರ್ ಅಗಲ. ವೃತ್ತದ ಹೊರಗೆ ತೇಲಿ ಬರುವ ಹುಳದಲ್ಲಿ ಮೀನಿಗೆ ಕಾಣುವುದು ನೀರಿನ ಮೈಯನ್ನು ಒತ್ತಿದ ಕಾಲುಗಳ ಗುಳಿ, ನೀರಿಗೆ ತಾಗಿದ ಹೊಟ್ಟೆ, ಇಷ್ಟೇ. ಹುಳ ವೃತ್ತದ ಅಂಚಿಗೆ ಬರುವಾಗ ಮೊದಲು ರೆಕ್ಕೆಯ ತುದಿ ಕಾಣುತ್ತದೆ, ಮೈ ಆಮೇಲೆ.

ಇದನ್ನು ಮನೆಯಲ್ಲೇ ನೋಡಬಹುದು. ತೊಟ್ಟಿಯ ಅಡಿಯಿಂದ ನೇರವಾಗಿ ಮೇಲೆ ನೋಡಿದರೆ ಪ್ರಯೋಜನವಿಲ್ಲ. ಚಪ್ಪಟೆ ತಳದ ಗಾಜು ಬೆಳಕನ್ನು ಮತ್ತೆ ಬಾಗಿಸುವುದರಿಂದ ಕನ್ನಡಿ ಕಾಣುವುದಿಲ್ಲ. ಪಕ್ಕದ ಗಾಜಿನ ಮೂಲಕ ಕೆಳಗಿನಿಂದ ಓರೆಯಾಗಿ ನೋಡಬೇಕು. ಆಗ ನೀರಿನ ಅಡಿಮೈ ಬೆಳ್ಳಗೆ ಹೊಳೆಯುತ್ತದೆ, ಅದರಲ್ಲಿ ಫ್ಲೈ ಒತ್ತಿದ ಗುಳಿಗಳು ಚುಕ್ಕೆಚುಕ್ಕೆಯಾಗಿ ಕಾಣುತ್ತವೆ. ಕಣ್ಣನ್ನು ಇನ್ನೂ ಕೆಳಗೆ ಇಳಿಸಿದರೆ ವೃತ್ತದ ಅಂಚೂ ಸಿಗುತ್ತದೆ.

ಅಲ್ಲಿ ಹೋಲಿಸಿ ನೋಡಿದ್ದರಿಂದಲೇ ಫೋಮ್ 2ರಿಂದ 1 ಮಿಲಿಮೀಟರಿಗೆ ಇಳಿದದ್ದು. ದಪ್ಪ ಫೋಮ್ ಮೈ ಕನ್ನಡಿಯಲ್ಲಿ ಉದ್ದನೆಯ ಹಳ್ಳ ತೋಡಿ ಕಾಲಿನ ಗುಳಿಗಳನ್ನು ನುಂಗಿಹಾಕುತ್ತಿತ್ತು. ತೆಳುವಾದ ಮೇಲೆ ಮೈಯ ತುದಿ ನೀರಿನಿಂದ ಎದ್ದು ನಿಂತಿತು, ನಿಜವಾದ ಡನ್ ಬಾಲ ಎತ್ತಿ ನಿಲ್ಲುವುದೂ ಹೀಗೇ. ನಾಲ್ಕು ಸುತ್ತು ಗರಿಯಲ್ಲಿ ಗುಳಿ ತುಂಬ ದಟ್ಟವಾಗಿತ್ತು. ಆರು ಕಾಲಿನ ಹುಳಕ್ಕೆ ಅಷ್ಟು ಬೇಡ. ಮೂರು ಸುತ್ತಿಗೆ ಇಳಿಸಿದೆ, ತೇಲುವುದಕ್ಕೇನೂ ಕೊರತೆಯಾಗಲಿಲ್ಲ. ಫೋಮ್ ಇದೆಯಲ್ಲ.

ಸ್ಪಿನ್ನರ್ ಕಟ್ಟುವುದು ಸುಲಭ. ಅದೇ ಮೈ, ಪಾಲಿ ಎಳೆಯನ್ನು ಗಾಳಕ್ಕೆ ಅಡ್ಡಲಾಗಿ ಎಂಟರ ಆಕಾರದಲ್ಲಿ ದಾರ ಸುತ್ತಿ ಕಟ್ಟಿದರೆ ಚಾಚಿದ ರೆಕ್ಕೆ ತಯಾರು. ಗರಿ ಬೇಡ, ಅದು ನೀರಿಗೆ ಅಂಟಿಯೇ ಇರಬೇಕು. ಬಾಲ ಇನ್ನೂ ಉದ್ದ.

ಮರಿಗೆ 12ನೇ ನಂಬರು. ಎದೆಯ ಕೆಳಗೆ ಹಿತ್ತಾಳೆ ತಂತಿ, ಸೀಸ ಹಳ್ಳಕ್ಕೆ ಬೇಡ. ಕೆನೆ ಬಣ್ಣದ ತುಪ್ಪಳದ ಮೈ. ಕಿವಿರಿಗೆ ಕೋಳಿಗರಿಯ ಬುಡದಲ್ಲಿರುವ ಮೆತ್ತನೆ ನಯ, ಬ್ರಾಯ್ಲರ್ ಗರಿಯೂ ಇಲ್ಲಿ ನಡೆಯುತ್ತದೆ. ಅದನ್ನು ಬೆನ್ನ ಮೇಲೆ ಎರಡೂ ಕಡೆ ಕಟ್ಟಿ ತೊಟ್ಟಿಗೆ ಬಿಟ್ಟರೆ ನೀರು ಅಲುಗಿದಷ್ಟಕ್ಕೇ ಅಲುಗುತ್ತದೆ. ಜರಡಿಯಲ್ಲಿ ಕಂಡ ಆ ಅಲೆ ಸಿಗುವವರೆಗೂ ಬೇರೆ ಬೇರೆ ನಯ ಕಟ್ಟಿ ನೋಡಿದೆ. ಗಟ್ಟಿ ಎಳೆ ಹಾಕಿದರೆ ಆಕಾರ ಬರುತ್ತದೆ, ಜೀವ ಬರುವುದಿಲ್ಲ.

ಭೀಮೇಶ್ವರಿ, ಮುತ್ತತ್ತಿ ಬೆಂಗಳೂರಿಗೆ ಹತ್ತಿರ. ಆದರೆ ಅದು ಕಾವೇರಿ ವನ್ಯಧಾಮ, ಅಲ್ಲಿಗೆ ನಾನು ಗಾಳ ಒಯ್ಯುವುದಿಲ್ಲ. ಪರೀಕ್ಷೆ ಮಾವನ ಹಳ್ಳದಲ್ಲೇ ಆಯಿತು. ಸಂಜೆ ಡನ್ ಬಿಟ್ಟೆ. ಮೀನು ಏಳುವುದಂತೂ ಎದ್ದವು, ಹಿಂಜರಿಕೆ ಕಾಣಲಿಲ್ಲ. ಆದರೆ ಎರಡು ಥರ ಏಳುತ್ತಿದ್ದವು. ರೆಕ್ಕೆಯ ಹತ್ತಿರ ಬಾಯಿ ಹಾಕಿದವು ಸಿಕ್ಕಿದವು, ತುಟಿಯ ಅಂಚಿನಲ್ಲಿ, ಬಿಡಿಸಲೂ ಸುಲಭ. ಬಾಲ ಹಿಡಿದು ಎಳೆದವು ತಪ್ಪಿಸಿಕೊಂಡವು. ಗಾಳ ಇರುವುದು ಎದೆಯ ಕೆಳಗೆ, ಬಾಲದ ಹತ್ತಿರ ಬರೀ ಫೋಮ್. ಗಾಳದಾಚೆಗೆ ಮೈ ಚಾಚಿದರೆ ಇದು ಇದ್ದದ್ದೇ.

ಹೀಗಾಗಿ ಈಗ ಕಟ್ಟುತ್ತಿರುವವುಗಳಲ್ಲಿ ಫೋಮ್ ಮೈ 12ರ ಬದಲು 9 ಮಿಲಿಮೀಟರ್. ಕಡಿಮೆಯಾದ ಉದ್ದವನ್ನು ಬಾಲಕ್ಕೆ ಸೇರಿಸಿದ್ದೇನೆ, ಅದೂ ಇನ್ನೂ ಮೆತ್ತನೆ ಬ್ರಶ್ಶಿನ ಕೂದಲಲ್ಲಿ, ಬಾಯಿಗೆ ಸಿಕ್ಕರೆ ಮಡಚಿಕೊಳ್ಳುವಂತೆ. ಗಾಳವನ್ನು ಅದೇ 14ರಲ್ಲಿ, ಆದರೆ ಒಂದು ಅಳತೆ ಉದ್ದದ ಕಾಂಡದ್ದು ಆರಿಸಿದೆ. ಗಾಳದ ಬಾಯಿ ಹಾಗೆಯೇ ಉಳಿದು ಮೊನೆ ತುಸು ಹಿಂದಕ್ಕೆ ಸರಿಯುತ್ತದೆ. ತೊಟ್ಟಿಯಲ್ಲಿ ನೋಡಿದೆ, ಗುಳಿಗಳ ಸಾಲು ಬದಲಾಗಿಲ್ಲ. ಮೈಯ ತುದಿ ಈಗಲೂ ಎದ್ದೇ ನಿಲ್ಲುತ್ತದೆ.